ಅವತಲ ಬೀದಿಯ ಆಪಾ

ನನ್ನ ಮೊಮ್ಮಗಳು ಗೆದ್ದಿದ್ದಾಳೆ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಪ್ರತಿ ಸಾಲಿನ ನಡುವೆಯೂ ಅದೇ ಬಂದು ನುಗ್ಗುತ್ತದೆ. ಮಾಲೂರಿನ ಅಂಚಿನಲ್ಲಿ, ರೈಲು ಹಳಿ ದಾಟಿ ಹಳೇ ಇಟ್ಟಿಗೆ ಗೂಡುಗಳ ಕಡೆಗೆ ಹೋಗುವ ರಸ್ತೆಯಲ್ಲಿ ನಮ್ಮ ಬಡಾವಣೆ. ಅದನ್ನು ಊರಿಗೆ ಸೇರಿಸಿ ಹೊಸದಾಗಿ ಒಂದು ವಾರ್ಡು ಮಾಡಿದ್ದಾರೆ. ಆ ವಾರ್ಡಿಗೆ ನನ್ನ ಮೊಮ್ಮಗಳೇ ಮೊದಲ ಸದಸ್ಯೆ. ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ತಲೆಯ ಮೇಲೆ ಇಟ್ಟಿಗೆ ಹೊತ್ತವಳು. ನನ್ನ ಸೆರಗಿಗೆ ಮೂಗು ಒರೆಸಿಕೊಂಡು ಬೆಳೆದ ಹುಡುಗಿ ಈಗ ಮೈಕಿನ ಮುಂದೆ ಕೂತು ಮಾತಾಡುತ್ತಾಳೆ. ದಾರಿಯಲ್ಲಿ ಯಾರಾದರೂ ‘ಮೆಂಬರ್ ಅಜ್ಜಿ’ ಅಂತ ಕೂಗಿದರೆ ಕೇಳಿಸದವಳ ಹಾಗೆ ನಡೆಯುತ್ತೇನೆ, ಇನ್ನೊಂದು ಸಲ ಕೂಗಲಿ ಅಂತ.

ಇಷ್ಟು ಸಂತೋಷ ನನ್ನ ಜನ್ಮದಲ್ಲಿ ಬಂದಿರಲಿಲ್ಲ. ಮಗ ಹುಟ್ಟಿದಾಗಲೂ ಇಲ್ಲ, ಸ್ವಂತ ಮನೆಗೆ ತಾರಸಿ ಹಾಕಿದಾಗಲೂ ಇಲ್ಲ. ಆದರೆ ಅದು ತುಂಬಿ ಬಂದಾಗಲೆಲ್ಲ ಅದರ ಹಿಂದೆಯೇ ಒಂದು ಮುಖ ಬಂದು ನಿಲ್ಲುತ್ತದೆ. ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ ರಾಗಿ ಹಿಟ್ಟು ಕೂತ ಮುಖ. ಆ ಮುಖ ಏನೂ ಕೇಳುವುದಿಲ್ಲ. ಕೇಳಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳಿ ಹಗುರಾಗುತ್ತಿದ್ದೆ.

ಅವಳಿಗೆ ಒಂದು ಹೆಸರಿತ್ತು. ರೇಷನ್ ಕಾರ್ಡಿನಲ್ಲಿ ಬಿಟ್ಟರೆ ಬೇರೆಲ್ಲೂ ಅದಕ್ಕೆ ಕೆಲಸವಿರಲಿಲ್ಲ. ಇಡೀ ಬಡಾವಣೆ ‘ಆಪಾ’ ಅಂತಲೇ ಕರೆಯಿತು. ಆಪಾ ಅಂದರೆ ಅವರ ಮಾತಿನಲ್ಲಿ ಅಕ್ಕ. ಅವಳಿಗಿಂತ ದೊಡ್ಡವರೂ ಆಪಾ ಅಂದರು, ಅವಳ ಮಗನ ವಯಸ್ಸಿನವರೂ ಆಪಾ ಅಂದರು. ನನಗೂ ಅವಳಿಗೂ ಯಾರು ದೊಡ್ಡವರು ಅನ್ನುವುದು ಇಬ್ಬರಿಗೂ ಗೊತ್ತಿರಲಿಲ್ಲ. ಕೇಳಿದರೆ, ಇಬ್ಬರ ಅಮ್ಮಂದಿರೂ ಮೇಲೆ ಹೋಗಿದ್ದಾರೆ, ಅಲ್ಲೇ ಮಾತಾಡಿಕೊಂಡು ತೀರ್ಮಾನ ಮಾಡಲಿ ಬಿಡು ಅನ್ನುತ್ತಿದ್ದಳು.

ಆಪಾ ನಂಗಲಿ ಕಡೆಯ ಹೆಣ್ಣು. ಆಂಧ್ರಕ್ಕೆ ಹೋಗುವ ಲಾರಿಗಳು ಟೀ ಕುಡಿಯಲು ನಿಲ್ಲುವ ಜಾಗದಲ್ಲಿ ಅವಳಪ್ಪನಿಗೆ ಪಂಚರ್ ಅಂಗಡಿ ಇತ್ತಂತೆ. ಮನೆಯೊಳಗೆ ದಖನಿ ಉರ್ದು, ರಸ್ತೆಯಲ್ಲಿ ತೆಲುಗು, ಮದುವೆಯಾಗಿ ಮಾಲೂರಿಗೆ ಬಂದ ಮೇಲೆ ಕನ್ನಡ. ಮೂರನ್ನೂ ಒಟ್ಟಿಗೆ ಸುರಿದು ಬೀಸಿದ ಹಾಗೆ ಮಾತಾಡುವಳು. ನಾನೂ ಶ್ರೀನಿವಾಸಪುರದ ಕಡೆಯವಳು, ಅರ್ಧ ತೆಲುಗು ಅರ್ಧ ಕನ್ನಡ. ಅದಕ್ಕೇ ಮೊದಲ ದಿನವೇ ನಮ್ಮಿಬ್ಬರಿಗೂ ಹೊಂದಿತು. ಅವಳ ಗಂಡ ಹಿಟ್ಟಿನ ಮಿಷನ್ನು ಹಾಕಿದ್ದ. ಅವನು ತೀರಿಕೊಂಡಾಗ, ಇನ್ನು ಮಿಷನ್ನು ಮಾರಿ ತವರಿಗೆ ಹೋಗುತ್ತಾಳೆ ಅಂತ ಎಲ್ಲರೂ ಅಂದುಕೊಂಡಿದ್ದೆವು. ದುಃಖದ ದಿನಗಳು ಮುಗಿದ ಮಾರನೇ ಬೆಳಿಗ್ಗೆ ಮಿಷನ್ನಿನ ಪಟ್ಟಿ ಓಡುವ ಸದ್ದು ಕೇಳಿಸಿತು. ಹೋಗಿ ನೋಡಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರದೋ ರಾಗಿ ಸುರಿಯುತ್ತಿದ್ದಳು.

ಮಿಷನ್ನು ಓಡುತ್ತಿದ್ದರೆ ಅಲ್ಲಿ ಮಾತು ಕೇಳಿಸದು. ಆಪಾ ತುಟಿ ನೋಡಿಯೇ ಮಾತು ತಿಳಿಯುವಳು. ಬಾಗಿಲ ಬಳಿ ನಿಂತು ಇಬ್ಬರು ಹೆಂಗಸರು ಗುಟ್ಟಾಗಿ ಅತ್ತೆಯನ್ನು ಬೈದುಕೊಂಡರೆ, ಒಳಗಿನಿಂದಲೇ ಕೈಯಾಡಿಸಿ ಸಾಕು ನಿಲ್ಲಿಸಿ ಅನ್ನುವಳು. ಹಿಟ್ಟು ಬೀಳುವಾಗ ಒಂದು ಚಿಟಿಕೆ ತೆಗೆದು ಹೆಬ್ಬೆರಳಿನಲ್ಲಿ ತಿಕ್ಕಿ, ಕಣ್ಣು ಮುಚ್ಚಿ, ತಲೆಯಾಡಿಸಿದರೆ ಸರಿ ಇದೆ ಅಂತ. ಯಾರ ಮಗುವನ್ನು ಎತ್ತಿಕೊಳ್ಳುವ ಮೊದಲೂ ಎರಡು ಕೈಯನ್ನೂ ಸೊಂಟಕ್ಕೆ ಬಡಿದು ಹಿಟ್ಟು ಉದುರಿಸುವಳು. ಎಷ್ಟು ಬಡಿದರೂ ನಮ್ಮ ಬಡಾವಣೆಯ ಮಕ್ಕಳೆಲ್ಲ ಅವಳ ಸೊಂಟದಿಂದ ಬೆಳ್ಳಗಾಗಿಯೇ ಇಳಿದು ಬರುತ್ತಿದ್ದವು.

ಬೇಡ ಅನ್ನುವುದಕ್ಕೆ ಅವರ ಮಾತಿನಲ್ಲಿ ‘ನಕ್ಕೋ’ ಅನ್ನುತ್ತಾರೆ. ಒಂದು ಸಲ ಯಾವುದೋ ಕಚೇರಿಗೆ ನಾವಿಬ್ಬರೂ ಹೋಗಿದ್ದಾಗ ಹೊಸದಾಗಿ ಬಂದಿದ್ದ ಗುಮಾಸ್ತನೊಬ್ಬ ಕುರ್ಚಿ ತೋರಿಸಿ ಕೂತುಕೊಳ್ಳಿ ಅಂದ. ಆಪಾ ‘ನಕ್ಕೋ, ನಕ್ಕೋ’ ಅಂದಳು. ಅವನು ಪಾಪ, ನಗಬೇಕೇನೋ ಅಂದುಕೊಂಡು ಹಲ್ಲು ಬಿಟ್ಟ. ಬಸ್ಸಿನಲ್ಲಿ ವಾಪಸು ಬರುವಾಗ ಆಪಾ ಹೊಟ್ಟೆ ಹಿಡಿದುಕೊಂಡು ನಕ್ಕಳು. “ಇಷ್ಟು ಆಫೀಸು ಸುತ್ತಿದೀನಿ ಕಣೇ, ನನ್ನ ನೋಡಿ ನಕ್ಕಿದ್ದು ಇವನೊಬ್ನೇ. ಅದೂ ತಪ್ಪಾಗಿ.”

ಆಫೀಸು ಸುತ್ತಿದ್ದು ಯಾಕೆ ಅಂತ ಹೇಳಬೇಕು. ನಮ್ಮ ಬಡಾವಣೆ ಯಾರಿಗೂ ಬೇಡವಾದ ಜಾಗವಾಗಿತ್ತು. ಬೀದಿ ದೀಪ ಇಲ್ಲ ಅಂತ ಪಂಚಾಯಿತಿಗೆ ಹೋದರೆ ನೀವು ಟೌನಿನವರಲ್ಲವಾ ಅನ್ನುತ್ತಿದ್ದರು. ಟೌನಿಗೆ ಹೋದರೆ ನೀವು ಹಳ್ಳಿಯವರು ಅನ್ನುತ್ತಿದ್ದರು. ಬೆಳಿಗ್ಗೆ ರೈಲಿಗೆ ಓಡುವ ಗಾರ್ಮೆಂಟ್ ಹುಡುಗಿಯರು, ಗೂಡು ಬಿಟ್ಟು ಬಂದ ಕೂಲಿಯವರು, ಅತ್ತ ಮುಳಬಾಗಿಲ ಕಡೆಯಿಂದ ಸೈಟು ತೆಗೆದುಕೊಂಡು ಬಂದವರು, ಎಲ್ಲರೂ ಟ್ಯಾಂಕರ್ ನೀರಿಗೆ ಬಿಂದಿಗೆ ಹಿಡಿದು ಜಗಳವಾಡುವವರೇ. ಒಂದು ಬೇಸಿಗೆಯಲ್ಲಿ ರಸ್ತೆ ನಡುವೆ ಒಂದು ಎಮ್ಮೆ ಸತ್ತು ಬಿತ್ತು. ಅದನ್ನು ಎತ್ತಬೇಕಾದವರು ಯಾರು ಅಂತ ತೀರ್ಮಾನವಾಗುವ ಹೊತ್ತಿಗೆ ಊರೆಲ್ಲ ಮೂಗು ಮುಚ್ಚಿಕೊಂಡಿತ್ತು. ಕೊನೆಗೆ ಆಪಾನೇ ಹಗ್ಗ ತಂದು, ಗೂಡಿನ ಆಳುಗಳನ್ನು ಕೂಗಿ ಎಳೆಸಿದಳು. ಆ ದಿನ ಮಿಷನ್ನಿನ ಮುಂದೆ ಕೈ ತೊಳೆಯುತ್ತಾ ಹೇಳಿದಳು:

“ಸತ್ ಎಮ್ಮೆ ಎತ್ತೋಕೂ ಯಾವ ವಾರ್ಡು ಅಂತ ಕೇಳ್ತಾರೆ. ನಮಗೊಂದು ನಂಬರ್ ಬೇಕು ಕಣೇ. ನಂಬರ್ ಇಲ್ದಿದ್ರೆ ನಾವೂ ಹಿಂಗೇ ಬಿದ್ದಿರ್ತೀವಿ.”

ಅಲ್ಲಿಂದ ಆ ನಂಬರಿನದೇ ಹುಚ್ಚು. ಯಾರು ಓಟು ಕೇಳಲು ಬಂದರೂ, ಯಾವ ಸಾಹೇಬರ ಜೀಪು ನಿಂತರೂ, ನಮಗೆ ವಾರ್ಡು ಯಾವಾಗ ಅಂತ ಕೇಳುವಳು. ಕನ್ನಡ ಓದಲು ಅವಳಿಗೆ ಬರುತ್ತಿರಲಿಲ್ಲ. ನನ್ನ ಮೊಮ್ಮಗಳು ಆಗ ಸ್ಕೂಲಿಗೆ ಹೋಗುತ್ತಿದ್ದಳು. ಸಾಯಂಕಾಲ ಯೂನಿಫಾರ್ಮಿನಲ್ಲೇ ಬಂದು ಮಿಷನ್ನಿನ ಮೂಲೆಯಲ್ಲಿ ಮೂಟೆಯ ಮೇಲೆ ಕೂತು ಆಪಾ ಹೇಳಿದ್ದನ್ನು ಅರ್ಜಿಯಾಗಿ ಬರೆಯುವಳು. ಆಪಾ ಹೇಳುವುದು ಮೂರು ಭಾಷೆಯಲ್ಲಿ, ಇವಳು ಬರೆಯುವುದು ‘ಮಾನ್ಯರೆ’ ಅಂತ. ಬರೆದು ಮುಗಿಸಿ ಓದಿ ಹೇಳಿದರೆ ಆಪಾ ಬೆರಗಾಗುವಳು. ನಾನಾ ಇದೆಲ್ಲ ಹೇಳಿದ್ದು, ಎಷ್ಟು ಮರ್ಯಾದೆಯಾಗಿ ಹೇಳಿದ್ದೀನಿ ನೋಡು ಅನ್ನುವಳು. ನನ್ನ ಮೊಮ್ಮಗಳು ಇವತ್ತು ಸಭೆಯಲ್ಲಿ ನಿಂತು ಮಾತಾಡುತ್ತಾಳಲ್ಲ, ಆ ಮಾತು ಕಲಿತದ್ದು ಆ ಮೂಟೆಯ ಮೇಲೆ. ಕಾಲೇಜಿನವರು ತಮ್ಮ ಹೆಸರು ಹೇಳಿಕೊಳ್ಳಲಿ, ನನಗೆ ಗೊತ್ತಿರುವುದು ಇದು.

ಹೀಗೆ ವರ್ಷಗಳು ಹೋದವು. ಮೊಮ್ಮಗಳು ಕೋಲಾರದಲ್ಲಿ ಬಿ.ಕಾಂ. ಮುಗಿಸಿ ಮನೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದಾಗ ಒಂದು ದಿನ ಸುದ್ದಿ ಬಂತು. ಊರನ್ನು ದೊಡ್ಡದು ಮಾಡುತ್ತಾರೆ, ಕಾಲುವೆಯಿಂದ ಈಚೆಗೆ ಇರುವುದನ್ನೆಲ್ಲ ಸೇರಿಸಿಕೊಂಡು ಹೊಸ ವಾರ್ಡು ಮಾಡುತ್ತಾರೆ ಅಂತ. ಆಪಾ ಅಂದು ಯಾರ ಹತ್ತಿರವೂ ಬೀಸಿದ ಕೂಲಿ ತೆಗೆದುಕೊಳ್ಳಲಿಲ್ಲ.

ಈ ಕಾಲುವೆಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಎಲ್ಲ ಕೆಟ್ಟಿದ್ದು ಅಲ್ಲೇ. ಗೂಡುಗಳು ಉರಿಯುತ್ತಿದ್ದ ಕಾಲದಲ್ಲಿ ನಾವೆಲ್ಲ ಕಾಲುವೆಯ ಆ ದಡದಲ್ಲಿ, ಗೂಡಿನ ಪಕ್ಕದ ಗುಡಿಸಲುಗಳಲ್ಲಿ ಇದ್ದೆವು. ಈ ದಡದಲ್ಲಿ ಇದ್ದದ್ದು ಆಪಾನ ಮಿಷನ್ನು, ಅದರ ಹಿಂದೆ ಒಂದು ಸಾಲು ಮನೆ, ಅಷ್ಟೇ. ನಮಗೆ ಅದು ಆಚೆ ದಡ. ತೆಲುಗಿನಲ್ಲಿ ಆಚೆ ಅನ್ನುವುದಕ್ಕೆ ಅವತಲ ಅನ್ನುತ್ತಾರಲ್ಲ, ಹಾಗೆ ಅದಕ್ಕೆ ಅವತಲ ಬೀದಿ ಅಂತ ಹೆಸರಾಯಿತು. ಆಮೇಲೆ ಮಣ್ಣು ಮುಗಿದು ಗೂಡುಗಳು ಒಂದೊಂದಾಗಿ ಆರಿದವು. ನಾವೆಲ್ಲ ಕಾಲುವೆ ದಾಟಿ ಈ ದಡಕ್ಕೆ ಬಂದು ಮನೆ ಕಟ್ಟಿಕೊಂಡೆವು. ಬೂದಿ, ಒಡಕು ಇಟ್ಟಿಗೆ ಸುರಿದು ಸುರಿದು ಕಾಲುವೆಯೂ ಮುಚ್ಚಿಹೋಯಿತು. ಈಗ ಆ ಬೀದಿ ನಮ್ಮ ಮಗ್ಗುಲಲ್ಲೇ ಇದೆ, ನಮ್ಮದೇ ದಡದಲ್ಲಿ. ಹೆಸರು ಮಾತ್ರ ಬದಲಾಗಲಿಲ್ಲ. ಅಲ್ಲಿರುವವರೂ ‘ನಮ್ಮನೆ ಅವತಲ’ ಅಂತಲೇ ಹೇಳುವುದು. ಅದು ಆಚೆ ಅನ್ನುವ ಮಾತು ಅಂತ ನಮಗೆ ಯಾರಿಗೂ ನೆನಪೇ ಇರಲಿಲ್ಲ.

ಗಡಿ ನೋಡಿಕೊಂಡು ಹೋಗಲು ಒಬ್ಬ ಬಂದ. ಯಾವ ಇಲಾಖೆಯವನೋ ನನಗೆ ತಿಳಿಯದು. ಒಳ್ಳೆಯ ಹುಡುಗ, ಬಿಸಿಲಿನಲ್ಲಿ ಕೆಂಪಾಗಿದ್ದ. ಆಪಾ ಮಿಷನ್ನನ್ನು ಸೊಸೆಯ ಕೈಗೆ ಕೊಟ್ಟು ಅವನ ಜೊತೆ ಇಡೀ ಬಡಾವಣೆ ಸುತ್ತಿದಳು. ಇದು ಮಸೀದಿ ಸಂದಿ, ಇದು ಮಾರಮ್ಮನ ಕಟ್ಟೆ, ಇಲ್ಲಿ ಗುಂಡಿ ಇದೆ ಕಾಲು ನೋಡಿ ಇಡಿ ಅಂತ ತೋರಿಸುತ್ತಾ ಹೋದಳು. ನಾನೂ ಹಿಂದೆ ಹೋದೆ. ಕೊನೆಗೆ ಮಿಷನ್ನಿಗೆ ಬಂದು ಟೀ ಕೊಟ್ಟಳು. ಅವನು ಗ್ಲಾಸು ಹಿಡಿದುಕೊಂಡು ಕಾಲುವೆ ಎಲ್ಲಿ ಅಂತ ಕೇಳಿದ. ಮುಚ್ಚಿಹೋಗಿದೆ, ಹೀಗೆ ಹೋಗುತ್ತಿತ್ತು ಅಂತ ಆಪಾ ಕೈ ಬೀಸಿದಳು. ಮಿಷನ್ನು ಓಡುತ್ತಲೇ ಇತ್ತು. ಅವನು ಬೀದಿಯ ಕಡೆ ಮುಖ ತಿರುಗಿಸಿ ಬೆರಳು ಮಾಡಿ, ಈ ಸಾಲು ಮನೆಗಳು ಕಾಲುವೆಗೆ ಯಾವ ಕಡೆ ಅಂತ ಜೋರಾಗಿ ಕೇಳಿದ. ಆಪಾಗೆ ಕೇಳಿಸಿದ್ದು, ಅದು ಯಾವ ಬೀದಿ ಅಂತ.

“ಅದಾ? ಅವತಲ ಸಾರ್. ನಮ್ಮನೇನೂ ಅವತಲಾನೇ.”

ಪಕ್ಕದಲ್ಲಿದ್ದ ನಾನೂ ಹೌದು ಸಾರ್, ಅವತಲ ಅಂದೆ. ಅವನಿಗೂ ತೆಲುಗು ಬರುತ್ತಿತ್ತು. ಬಾರದಿದ್ದರೆ ಹಾಗಂದರೇನು ಅಂತ ಕೇಳಿರುತ್ತಿದ್ದ. ತಲೆಯಾಡಿಸಿ ಬರೆದುಕೊಂಡು, ಟೀ ಚೆನ್ನಾಗಿದೆ ಅಮ್ಮ ಅಂತ ಹೇಳಿ ಹೋದ.

ಕರಡು ಅಂತ ಒಂದು ಕಾಗದ ಅಂಟಿಸಿದಾಗ ಮೊಮ್ಮಗಳು ಅದನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು ಮಿಷನ್ನಿನ ಮುಂದೆ ನಿಂತು ಓದಿದಳು. ಒಂದೊಂದು ಸಂದಿಯ ಹೆಸರು ಬಂದಾಗಲೂ ಆ ಸಂದಿಯವರು ಹೋ ಅನ್ನುವರು. ಮದುವೆ ಮನೆಯ ಹಾಗಿತ್ತು. ಕೊನೆಯಲ್ಲಿ ಅವಳ ದನಿ ಇಳಿಯಿತು. ಅವತಲ ಬೀದಿ ಕಾಲುವೆಯ ಆಚೆಗೆ ಇರುವುದರಿಂದ ಪಂಚಾಯಿತಿಯಲ್ಲೇ ಉಳಿಯುತ್ತದೆ ಅಂತ ಇತ್ತು. ಮಿಷನ್ನೂ ಅದರಲ್ಲೇ, ಆಪಾನ ಮನೆಯೂ ಅದರಲ್ಲೇ.

ಮೊದಲು ನಕ್ಕಿದ್ದು ಆಪಾನೇ. ನನ್ನ ನಾಲಿಗೆಯೇ ನನ್ನ ಆಚೆ ಹಾಕಿತು ನೋಡು ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದೆವು.

ಆಕ್ಷೇಪಣೆ ಇದ್ದರೆ ಹೇಳಬಹುದು ಅಂತ ಅದೇ ಕಾಗದದಲ್ಲಿ ಇತ್ತು. ಆಪಾ ಒಬ್ಬಳೇ ಕೋಲಾರಕ್ಕೆ ಹೋಗಿ ಕೇಳಿಕೊಂಡು ಬಂದಳು. ಅಲ್ಲಿ ಯಾರೋ ಹೇಳಿದರಂತೆ, ಬಿಟ್ಟುಹೋದ ಬೀದಿಯವರು ಕೇಳಿದರೆ ಸಾಲದು, ವಾರ್ಡಿಗೆ ಸೇರಿದವರೂ ಇವರು ನಮ್ಮವರು ಅಂತ ಸಹಿ ಹಾಕಿ ಕೊಟ್ಟರೆ ನೋಡಬಹುದು ಅಂತ. ಅಷ್ಟರಲ್ಲಿ ಬಡಾವಣೆಯಲ್ಲಿ ಬೇರೆ ಮಾತು ಎದ್ದಿತ್ತು. ಈಗ ಗಡಿ ಕೆದಕಿದರೆ ಇಡೀ ವಾರ್ಡೇ ಮತ್ತೆ ಮೊದಲಿನಿಂದ ಆಗಬೇಕಾಗುತ್ತದೆ, ನೀರಿನ ಪೈಪು ಮುಂದಕ್ಕೆ ಹೋಗುತ್ತದೆ, ಯಾವನೋ ಇದನ್ನೇ ನೆಪ ಮಾಡಿ ವಾರ್ಡೇ ಬೇಡ ಅಂತಾನೆ. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ನಾನು ಯಾರನ್ನೂ ಕೇಳಲೂ ಇಲ್ಲ.

ಮಾರನೆಯ ಬೆಳಿಗ್ಗೆ ನಾವು ಹೆಂಗಸರೆಲ್ಲ ಎಂದಿನಂತೆ ಡಬ್ಬಗಳನ್ನು ಸಾಲಾಗಿಟ್ಟುಕೊಂಡು ಮಿಷನ್ನಿನ ಮುಂದೆ ಕೂತಿದ್ದೆವು. ಆಪಾ ರಾಗಿ ಸುರಿದಿದ್ದಳು. ಒಳಗೆ ಕಾಳು ಇರುವಾಗ ಅವಳು ಮಿಷನ್ನು ನಿಲ್ಲಿಸಿದ್ದನ್ನು ಯಾರೂ ಕಂಡಿಲ್ಲ. ಅಂದು ನಿಲ್ಲಿಸಿದಳು. ಪಟ್ಟಿ ಉಸಿರು ಬಿಟ್ಟ ಹಾಗೆ ಸದ್ದು ಮಾಡಿ ನಿಂತಿತು. ಅಷ್ಟು ನಿಶ್ಶಬ್ದದಲ್ಲಿ ಆ ಜಾಗವನ್ನು ನಾನು ನೋಡೇ ಇರಲಿಲ್ಲ. ಕೈ ಒರೆಸಿಕೊಂಡು ಹೊರಗೆ ಬಂದು, ಕೋಲಾರದಲ್ಲೇ ಬರೆಸಿಕೊಂಡು ಬಂದಿದ್ದ ಕಾಗದವನ್ನು ಮುಂದೆ ಹಿಡಿದು, ಮೆತ್ತಗೆ ಕೇಳಿದಳು.

“ಸಹಿ ಬೇಕಂತೆ. ಯಾರಾದ್ರೂ ಹಾಕ್ತೀರಾ?”

ಒಬ್ಬಳು ಸೆರಗು ಸರಿ ಮಾಡಿಕೊಂಡಳು, ಇನ್ನೊಬ್ಬಳು ರಸ್ತೆಯ ಕಡೆ ತಿರುಗಿದಳು. ಅವಳು ನನ್ನನ್ನು ನೋಡಿದಳು. ನಾನು ನನ್ನ ಡಬ್ಬದ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ ನೋಡುತ್ತಿದ್ದೆ. ಮುಚ್ಚಳ ಸರಿಯಾಗಿಯೇ ಇತ್ತು. ನನ್ನ ಮನಸ್ಸಿನಲ್ಲಿ ಇದ್ದದ್ದು ನನ್ನ ಮೊಣಕಾಲು, ಟ್ಯಾಂಕರಿನ ಹಿಂದೆ ಬಿಂದಿಗೆ ಹಿಡಿದು ಓಡುವುದು, ಮನೆ ಮುಂದೆ ಬರುವ ನಲ್ಲಿ. ಮೊಮ್ಮಗಳ ವಿಷಯ ಆಗ ನನ್ನ ಕನಸಿನಲ್ಲೂ ಇರಲಿಲ್ಲ, ದೇವರಾಣೆ. ನೀರಿಗೋಸ್ಕರ ಸುಮ್ಮನಿದ್ದೆ.

 ಆಪಾ ಆ ಕಾಗದವನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋಗಿ ಮಿಷನ್ನು ಹಾಕಿದಳು. ಯಾರನ್ನೂ ಬೈಯಲಿಲ್ಲ. ನನ್ನ ಸರದಿ ಬಂದಾಗ ಎಂದಿನ ಹಾಗೆ ಚಿಟಿಕೆ ಹಿಟ್ಟು ತಿಕ್ಕಿ ನೋಡಿ ತಲೆಯಾಡಿಸಿದಳು.

ವಾರ್ಡು ಆಯಿತು. ನಲ್ಲಿಯೂ ಬಂತು. ಪೈಪು ನಮ್ಮ ಮನೆಯ ಮುಂದೆ ಕೊನೆಯಾಯಿತು, ಯಾಕೆಂದರೆ ಅಲ್ಲಿಂದ ಆಚೆಗೆ ಅವತಲ ಬೀದಿ. ಬೆಳಿಗ್ಗೆ ನೀರು ಬಿಟ್ಟಾಗ ಆಪಾ ಬಿಂದಿಗೆ ಹಿಡಿದು ನಮ್ಮ ನಲ್ಲಿಗೆ ಬರುವಳು. “ಫಾರಿನ್ನಿಂದ ಬಂದಿದೀನಿ ಕಣಮ್ಮ, ಒಂದ್ ಬಿಂದಿಗೆ ಕೊಡ್ತೀಯಾ” ಅನ್ನುವಳು. ನಾನು ನಗಬೇಕು ಅಂತಲೇ ಅವಳು ಹಾಗನ್ನುವುದು, ನನಗೆ ಗೊತ್ತಿತ್ತು. ನಗುತ್ತಿದ್ದೆ. ಅವಳಿಗೆ ಮೊದಲು ಹಿಡಿ ಅಂದರೆ ಒಪ್ಪಳು, ಸಾಲಿನಲ್ಲಿ ಹಿಂದೆ ನಿಲ್ಲುವಳು. ವಾರ್ಡಿನವರು ಮೊದಲು ಅನ್ನುವಳು. ಅದರಲ್ಲಿ ಚುಚ್ಚು ಇರಲಿಲ್ಲ. ನಾನು ಎಷ್ಟೋ ದಿನ ಹುಡುಕಿದ್ದೇನೆ, ಒಂದು ಚೂರಾದರೂ ಚುಚ್ಚು ಇದ್ದಿದ್ದರೆ ನನಗೂ ಅವಳಿಗೂ ಲೆಕ್ಕ ಸಮ ಆಗುತ್ತಿತ್ತು. ನೀರಿನ ಧಾರೆಗೆ ಕೈಯೊಡ್ಡಿ, ಫೋರ್ಸ್ ಚೆನ್ನಾಗಿದೆ ನಮ್ಮ ವಾರ್ಡಿನ ನೀರು ಅನ್ನುವಳು. ನಮ್ಮ ವಾರ್ಡು.

ಚುನಾವಣೆ ಬಂತು. ಈ ವಾರ್ಡು ಹೆಂಗಸರಿಗೆ ಅಂತ ಆಯಿತು. ಗಡಿಯೊಂದು ಸರಿಯಾಗಿದ್ದರೆ ಆಪಾನನ್ನು ಬಿಟ್ಟು ಬೇರೆಯವರ ಹೆಸರು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಪಂಚಾಯಿತಿಯಲ್ಲಿ ಉಳಿದವಳು ಇಲ್ಲಿ ಹೇಗೆ ನಿಲ್ಲುವುದು? ಒಂದು ಸಾಯಂಕಾಲ ಅವಳೇ ನಮ್ಮ ಮನೆಗೆ ಬಂದಳು. ಮೊಮ್ಮಗಳು ಟ್ಯೂಷನ್ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದಳು. ಆಪಾ ಹೊಸ್ತಿಲಲ್ಲೇ ಕೂತು, ಈ ಹುಡುಗಿಯನ್ನು ನಿಲ್ಲಿಸು ಅಂದಳು.  ಇವಳಿಗೇನು ಗೊತ್ತು ಆಪಾ ಅಂದೆ. “ಇವಳಿಗೆ ಗೊತ್ತಿಲ್ದಿದ್ದು ನಂದ್ಯಾವ ಅರ್ಜಿ ಇದೆ, ಹೇಳು” ಅಂದಳು. ಮೊಮ್ಮಗಳು ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಮುಖ ಹೊಳೆಯಿತು. ಆ ಹೊಳಪನ್ನು ನೋಡಿ ನನಗೆ ಬೇರೆಲ್ಲ ಮರೆತುಹೋಯಿತು. ಮರೆತುಹೋಯಿತು ಅನ್ನುವುದೂ ಪೂರ್ತಿ ನಿಜವಲ್ಲ.

ಆಪಾ ನಮ್ಮ ಜೊತೆ ಮನೆ ಮನೆಗೂ ಬಂದಳು. ಉಸಿರು ಕಟ್ಟುತ್ತಿತ್ತು ಅವಳಿಗೆ ಆಗಲೇ, ಎದೆಯಲ್ಲಿ ಹಿಟ್ಟು ಕೂತಿದೆ ಅಂತ ಡಾಕ್ಟರು ಹೇಳಿದ್ದರಂತೆ. ನಾಲ್ಕು ಮನೆ ನಡೆದರೆ ಯಾವುದಾದರೂ ಜಗುಲಿಯಲ್ಲಿ ಕೂರಬೇಕು. ಎದುರಾಳಿಯ ಕಡೆಯವನೊಬ್ಬ ಸ್ಕೂಟರು ನಿಲ್ಲಿಸಿಕೊಂಡು, ಓಟೇ ಇಲ್ಲದವಳು ಓಟು ಕೇಳೋಕೆ ಬಂದಿದ್ದಾಳೆ ಅಂತ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದ. ನನಗೆ ತಲೆ ತಗ್ಗಿಹೋಯಿತು. ಆಪಾ ತಿರುಗಿ, ಅವನ ತುಟಿಯನ್ನೇ ನೋಡಿ, ಏನೂ ಅವಸರವಿಲ್ಲದೆ ಹೇಳಿದಳು: “ಹೌ ಕಣೋ. ನೀನು ಹಲ್ಲು ಹುಟ್ಟೋ ಮುಂಚೆ ಕುಡಿದ ರಾಗಿ ಗಂಜಿ ನಾನು ಬೀಸಿದ್ದು. ನಾನೇನು ಅದ್ರಲ್ಲಿ ಪಾಲು ಕೇಳಿದ್ನಾ?” ಸ್ಕೂಟರಿನವನ ಅಮ್ಮನೇ ಒಳಗಿನಿಂದ ನಕ್ಕಿದ್ದು ಕೇಳಿಸಿತು.

ಓಟಿನ ದಿನ ಆಪಾ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದಳು. ಕಣ್ಣು ಕಾಣದ ಮುದುಕಿಯರನ್ನು ಕೈ ಹಿಡಿದು ಸ್ಕೂಲಿನ ಗೇಟಿನವರೆಗೆ ತರುವುದು, ಅಲ್ಲಿ ಬಿಡುವುದು, ಮತ್ತೆ ಹೋಗುವುದು. ಗೇಟಿನ ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ನಾನು ಓಟು ಹಾಕಿ ಹೊರಗೆ ಬಂದಾಗ ಹುಣಸೆ ಮರದ ಕೆಳಗೆ ಕೂತಿದ್ದಳು. ತೋರಿಸು ಅಂದಳು. ಬೆರಳು ಚಾಚಿದೆ. ಎರಡು ಕೈಯಲ್ಲೂ ನನ್ನ ಕೈ ಹಿಡಿದು, ಉಗುರಿನ ಮೇಲಿನ ಮಸಿಯನ್ನು ಸ್ವಲ್ಪ ಹೊತ್ತು ನೋಡಿ, ಅದು ಆರಲಿ ಅಂತ ಮೆಲ್ಲಗೆ ಊದಿದಳು. ಎಳೇ ಮಗುವಿನ ಗಾಯಕ್ಕೆ ಊದುವ ಹಾಗೆ. ಆಗ ನಾನು ಹೇಳಬೇಕಾಗಿತ್ತು, ಅವತ್ತು ಸಹಿ ಹಾಕಬೇಕಾಗಿತ್ತು ಆಪಾ ಅಂತ.  ಊಟ ಆಯಿತಾ ಅಂತ ಕೇಳಿದೆ.

ಮೊಮ್ಮಗಳು ಗೆದ್ದಳು. ತಮಟೆ, ಪಟಾಕಿ, ಹೂವಿನ ಹಾರ, ನನ್ನನ್ನೂ ಜೀಪಿನಲ್ಲಿ ಕೂರಿಸಿದ್ದರು. ಮೆರವಣಿಗೆ ನಮ್ಮ ಮನೆಯ ಮುಂದೆ, ವಾರ್ಡು ಮುಗಿಯುವ ಕಡೆ ನಿಂತಿತು. ಮೊಮ್ಮಗಳು ಜೀಪಿನಿಂದ ಹಾರಿ ಓಡಿಹೋಗಿ ಮಿಷನ್ನಿನ ಬಾಗಿಲಲ್ಲಿ ನಿಂತಿದ್ದ ಆಪಾನ ಕಾಲು ಮುಟ್ಟಿದಳು. ಆಪಾ ಅವಳನ್ನು ಅಪ್ಪಿಕೊಂಡಾಗ ಹೊಸ ಸೀರೆಯೆಲ್ಲ ಹಿಟ್ಟಾಯಿತು. ನಾನು ಜೀಪಿನಲ್ಲೇ ಕೂತು ಅತ್ತೆ. ಆಪಾ ದೂರದಿಂದಲೇ, ಯಾಕೆ ಅಳುತ್ತಿದ್ದೀಯಾ ಅಂತ ಕೈಯಲ್ಲಿ ಕೇಳಿದಳು. ಸಂತೋಷಕ್ಕೆ ಅಂತ ತುಟಿ ಆಡಿಸಿದೆ. ತಮಟೆಯ ಸದ್ದಿನಲ್ಲಿ ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳಿಗೆ ತಿಳಿಯಿತು. ಅರ್ಧ ಮಾತ್ರ ಹೇಳಿದೆ ಅನ್ನುವುದೂ ತಿಳಿದಿರಬೇಕು.

ನನ್ನ ಉಗುರಿನ ಮಸಿ ಇನ್ನೂ ಇರುವಾಗಲೇ ಆಪಾ ತೀರಿಕೊಂಡಳು. ಬೆಳಿಗ್ಗೆ ಬಿಂದಿಗೆ ಇಟ್ಟು ಹೋದವಳು ನೀರು ತುಂಬಿದ ಮೇಲೂ ಬರಲಿಲ್ಲ. ನಾನೇ ಹೊತ್ತುಕೊಂಡು ಹೋದೆ. ಅಷ್ಟರಲ್ಲಿ ಮನೆಯೊಳಗೆ ಸೊಸೆ ಅಳುತ್ತಿದ್ದಳು. ಆ ನೀರನ್ನೇ ಅವಳ ಕೊನೆಯ ಸ್ನಾನಕ್ಕೆ ತೆಗೆದುಕೊಂಡರು.

ಇದನ್ನೆಲ್ಲ ಬರೆಯಬೇಕು ಅಂತ ನನಗೆ ಅನ್ನಿಸಿದ್ದು ಆಮೇಲೆ, ಮೊಮ್ಮಗಳು ಮೊದಲನೇ ಸಭೆ ಮುಗಿಸಿ ಬಂದ ದಿನ. ಅವಳಿಗೆ ಇಷ್ಟ ಅಂತ ಅವರೆಕಾಳು ಸಾರು, ಮುದ್ದೆ ಮಾಡಿದ್ದೆ. ಕೂತು ಉಣ್ಣುತ್ತಾ ಸಭೆಯ ಸುದ್ದಿಯೆಲ್ಲ ಹೇಳಿದಳು. ಎದ್ದು ನಿಂತು ಮಾತಾಡಿದಳಂತೆ, ಚರಂಡಿ ಕೇಳಿದಳಂತೆ, ದೀಪ ಕೇಳಿದಳಂತೆ, ಹಳೇ ಮೆಂಬರುಗಳು ತಿರುಗಿ ನೋಡಿದರಂತೆ. ನಾನು ಹಿಗ್ಗಿ ಹಿಗ್ಗಿ ಇನ್ನೊಂದು ಸೌಟು ಸಾರು ಬಡಿಸಿದೆ. ಆಮೇಲೆ ಕೇಳಿದೆ, ಅವತಲ ಬೀದಿಗೆ ನೀರಿನ ಪೈಪು ಕೇಳಿದೆಯಾ ಅಂತ.

“ಅದು ನಮ್ಮ ವಾರ್ಡಿಗೆ ಬರಲ್ಲ ಅಜ್ಜಿ” ಅಂದಳು.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದು ಇರುವ ವಿಷಯ. ಮುದ್ದೆ ಮುರಿಯುತ್ತಾ, ಮಳೆ ಬರಲ್ಲ ಅನ್ನುವ ಹಾಗೆ ಹೇಳಿದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ಬೈಯುವುದಕ್ಕೆ ನನಗೆ ಬಾಯಿ ಎಲ್ಲಿದೆ? ಅವಳು ಇವತ್ತು ಬಾಯಿಬಿಟ್ಟು ಹೇಳಿದ್ದನ್ನೇ ನಾನು ಅಂದು ಡಬ್ಬದ ಮುಚ್ಚಳ ನೋಡುತ್ತಾ ಹೇಳಿದ್ದೆ. ಅಂದಿನ ಕಥೆಯನ್ನು ಅವಳಿಗೆ ಹೇಳಿದೆ. ಸಹಿ ಕೇಳಿದ ಬೆಳಿಗ್ಗೆ ಅವಳು ಅಲ್ಲಿ ಇರಲಿಲ್ಲ, ಅವಳಿಗೆ ಇದು ಗೊತ್ತೇ ಇರಲಿಲ್ಲ. ಕೈ ಒಣಗುವವರೆಗೂ ತಟ್ಟೆಯ ಮುಂದೆ ಕೂತಿದ್ದಳು. ಆಮೇಲೆ, ಗಡಿ ಬದಲಿಸುವ ಕಾಲ ಮುಗಿಯಿತು, ಪೈಪು ಬೇಕು ಅಂತ ಆ ಬೀದಿಯವರೇ ಅರ್ಜಿ ಕೊಟ್ಟರೆ ನಾನು ಸಭೆಯಲ್ಲಿ ಎತ್ತುತ್ತೇನೆ ಅಜ್ಜಿ, ನಾನಾಗಿ ಎತ್ತಿದರೆ ನಡೆಯದು ಅಂದಳು.

ಬೆಳಗಾಗುತ್ತಲೇ ಮಿಷನ್ನಿಗೆ ಹೋದೆ. ಈಗ ಅದನ್ನು ನಡೆಸುವುದು ಆಪಾನ ಸೊಸೆ. ಅತ್ತೆಯ ಹಾಗೆ ಮಾತಿನವಳಲ್ಲ, ಕೆಲಸದವಳು. ವಿಷಯ ಹೇಳಿದೆ. ಅವಳು ಕೇಳಿಕೊಂಡು, ಬೀದಿಯ ಹುಡುಗಿಯೊಬ್ಬಳನ್ನು ಕರೆದು ಅರ್ಜಿ ಬರೆಸಿದಳು. ಹಿಟ್ಟಿನ ಡ್ರಮ್ಮಿನ ಮೇಲೆ ಕಾಗದ ಇಟ್ಟರು. ಒಬ್ಬೊಬ್ಬರಾಗಿ ಹೆಂಗಸರು ಬಂದು ನಿಂತರು. ನಾನು ಎಲ್ಲರಿಗಿಂತ ಮುಂದೆ ಹೋಗಿ ಪೆನ್ನು ತೆಗೆದುಕೊಂಡೆ. ಮೊದಲ ಸಹಿ ನನ್ನದೇ ಇರಲಿ ಅಂತ ರಾತ್ರಿಯೇ ಅಂದುಕೊಂಡಿದ್ದೆ. ನನ್ನ ಹೆಸರಿನ ಅಕ್ಷರಗಳನ್ನು ಮನಸ್ಸಿನಲ್ಲೇ ಬರೆದು ಬರೆದು ನೋಡಿಕೊಂಡಿದ್ದೆ.

ಸೊಸೆ ಮೆಲ್ಲಗೆ ನನ್ನ ಕೈ ಹಿಡಿದಳು.

“ನಿಮ್ ಸಹಿ ನಡೆಯಲ್ಲಮ್ಮ. ಈ ಬೀದಿಯವರೇ ಹಾಕ್ಬೇಕು.”

ಅವಳ ದನಿಯಲ್ಲೂ ಏನೂ ಇರಲಿಲ್ಲ. ಸರಿ ಅಂತ ಪೆನ್ನನ್ನು ಅವಳಿಗೆ ಕೊಟ್ಟೆ. ಅವಳು ಉರ್ದುವಿನಲ್ಲಿ ಹಾಕಿದಳು, ಆಮೇಲೆ ಉಳಿದವರು, ಕೆಲವರು ಹೆಬ್ಬೆಟ್ಟು. ಹಿಂದೆ ಮಿಷನ್ನು ಓಡುತ್ತಿತ್ತು. ಅದರ ಪಟ್ಟಿಯ ಗಾಳಿಗೆ ಕಾಗದ ಹಾರಿಹೋಗುವ ಹಾಗಿತ್ತು. ನಾನು ಅದರ ಒಂದು ಮೂಲೆಯನ್ನು ಬೆರಳಿನಲ್ಲಿ ಒತ್ತಿ ಹಿಡಿದುಕೊಂಡು, ಕೊನೆಯವಳು ಬರೆದು ಮುಗಿಸುವವರೆಗೂ ಅಲ್ಲೇ ನಿಂತಿದ್ದೆ.